ಐದು ಸಲ ಗೆದ್ದ ಶಾಸಕರೊಬ್ಬರ ಲೆಡ್ಜರ್: ಒಂದು ಪ್ರಕರಣ ಅಧ್ಯಯನ

ಮೊದ್ಲೇ ಹೇಳ್ಬಿಡ್ತೀನಿ, ಇದ್ರಲ್ಲಿ ಹೆಸರಿಲ್ಲ, ತಾಲ್ಲೂಕಿಲ್ಲ, ಪಕ್ಷ ಇಲ್ಲ, ಜಾತಿನೂ ಇಲ್ಲ. ದಕ್ಷಿಣ ಒಳನಾಡು ಅಂತ ಇಟ್ಕೊಳ್ಳಿ, ರಾಗಿ, ತೆಂಗು, ಬತ್ತಿಹೋದ ಬೋರ್‌ವೆಲ್ ಇರೋ ಕಡೆ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬೇಕಂತಲೇ ಆಚೀಚೆ ಮಾಡಿದ್ದೀನಿ. ನಾನು ಆ ಶಾಸಕರ ಮನೇಲಿ (ಅವರನ್ನ ಎಲ್ರೂ ಅಣ್ಣ ಅಂತಿದ್ವಿ) 1991ರಿಂದ ಪತ್ರ ಬರೆಯೋ ಕೆಲಸದಲ್ಲಿದ್ದೆ, ಜನ ಪಿಎ ಅಂತ ಕರೀತಿದ್ರು, ಸರ್ಕಾರದ ಲೆಕ್ಕದಲ್ಲಿ ಪಿಎ ಬೇರೆಯವರು. ಈಗ ಬರೀತಿರೋದು ಯಾಕಂದ್ರೆ ಮತ್ತೆ ಕ್ಷೇತ್ರ ಪುನರ್ವಿಂಗಡಣೆ ಮಾತು ಎದ್ದಿದೆ, ಹೊಸದಾಗಿ ರಾಜಕೀಯಕ್ಕೆ ಇಳಿದಿರೋ ಹುಡುಗ್ರು ಬಂದು "ಅಣ್ಣ ಅಷ್ಟು ಗಟ್ಟಿ ಇದ್ರೂ 2008ರಲ್ಲಿ ಹೆಂಗೆ ಸೋತ್ರು" ಅಂತ ಕೇಳ್ತಾರೆ. ಊರಲ್ಲಿ ಎಲ್ರ ಬಾಯಲ್ಲೂ ಇರೋ ಉತ್ತರ ಒಂದೇ, ಗಡಿ ಬದಲಾಯ್ತು ಅದ್ಕೆ ಸೋತ್ರು ಅಂತ. ಅದು ಅರ್ಧ ಸರಿ.

ಹಿನ್ನೆಲೆ

ಅಣ್ಣ ಶುರು ಮಾಡಿದ್ದು ಪಿಎಲ್‌ಡಿ ಬ್ಯಾಂಕಿಂದ. ಎಂಬತ್ತರ ದಶಕದಲ್ಲಿ ಬಾವಿ ತೋಡೋಕೆ, ಪಂಪ್‌ಸೆಟ್‌ಗೆ ಅಂತ ಸಾಲ ಕೊಡ್ತಿದ್ದ ಬ್ಯಾಂಕ್ ಅದು, ಕಟ್ಟದೇ ಇದ್ರೆ ಜಪ್ತಿಗೆ ಜೀಪ್ ಬರೋದು. ಅಧ್ಯಕ್ಷರಾಗಿದ್ದಾಗ ಅಣ್ಣ ಒಂದು ಊರಲ್ಲಿ ಜಪ್ತಿ ಜೀಪನ್ನ ದಾರೀಲೇ ವಾಪಸ್ ಕಳಿಸಿದ್ರಂತೆ, ನಾನು ನೋಡಿಲ್ಲ, ಆದ್ರೆ ಆ ಕತೆ ಮೂವತ್ತು ವರ್ಷ ಓಟು ತಂತು. 1985ರಲ್ಲಿ ನಿಂತು ಸೋತ್ರು. 1989, 1994, 1999, 2004 ನಾಲ್ಕೂ ಗೆದ್ರು. ನಾಲ್ಕು ಗೆಲುವಲ್ಲಿ ಚಿಹ್ನೆ ಎರಡು, ಅದ್ರ ಬಗ್ಗೆ ಈಗ ಮಾತು ಬೇಡ, 1999ರ ಹೊತ್ತಿಗೆ ಈ ರಾಜ್ಯದಲ್ಲಿ ಯಾರ್ ಯಾವ ಪಕ್ಷದಲ್ಲಿ ಉಳಿದಿದ್ರು ಹೇಳಿ.

ಮಂತ್ರಿ ಆಗಲಿಲ್ಲ. 2004ರಲ್ಲಿ ಆಗ್ತಾರೆ ಅಂತ ಮನೇಲಿ ಪೆಂಡಾಲ್ ಹಾಕಿಸೋ ಮಾತೂ ಆಗಿತ್ತು, ಆದ್ರೆ ಆ ಹೊತ್ತಿಗೆ ಸಂವಿಧಾನದ 91ನೇ ತಿದ್ದುಪಡಿ ಬಂದು ಮಂತ್ರಿಮಂಡಲ ಸದನದ ಶೇ. 15 ದಾಟಬಾರದು ಅಂತಾಗಿತ್ತು, ನಮ್ಮ 224ಕ್ಕೆ ಮುಖ್ಯಮಂತ್ರೀನೂ ಸೇರಿ 34. ಅದ್ರ ಮೇಲೆ ಸಮ್ಮಿಶ್ರ ಸರ್ಕಾರ, ಎರಡು ಪಕ್ಷಕ್ಕೆ ಹಂಚಬೇಕು. ಕೊನೆಗೊಂದು ನಿಗಮದ ಅಧ್ಯಕ್ಷಗಿರಿ, ಒಂದು ಕಾರು.

ಅವರ ಶಕ್ತಿ ಇದ್ದಿದ್ದು ಬೆಳಗಿನ ಜಗಲೀಲಿ. ಆರು ಗಂಟೆಗೆ ಜನ ಬಂದು ಕೂತಿರೋರು, ಅಣ್ಣ ಸ್ನಾನ ಮಾಡಿ ಒದ್ದೆ ತಲೇಲೇ ಬಂದು ಕೂರೋರು, ನಾನು ಪಕ್ಕದಲ್ಲಿ ಉದ್ದದ ಲೆಡ್ಜರ್ ಇಟ್ಕೊಂಡು. ತಾರೀಖು, ಹೆಸರು, ತಂದೆ ಹೆಸರು, ಊರು, ಕೆಲಸ ಏನು, ಯಾರಿಗೆ ಪತ್ರ, ಕೊನೇ ಕಾಲಂನಲ್ಲಿ ಕೆಂಪು ಪೆನ್ಸಿಲ್ ಟಿಕ್. ಕರೆಂಟಿನ ಟ್ರಾನ್ಸ್‌ಫಾರ್ಮರ್ ಸುಟ್ಟೋಗಿದೆ, ಮಗಳಿಗೆ ಹಾಸ್ಟೆಲ್ ಸೀಟು, ಮೇಷ್ಟ್ರಿಗೆ ವರ್ಗಾವಣೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೇಲಿ ಬೆಡ್ಡು, ವಿಧವಾ ವೇತನ ನಿಂತೋಗಿದೆ. ಪತ್ರ ಬರೆದ್ರೆ ಟಿಕ್ ಅಲ್ಲ, ಕೆಲಸ ಆದ್ಮೇಲೆ ಟಿಕ್, ಇದು ಅಣ್ಣನ ರೂಲು. ಈ ರೂಲನ್ನ ಸ್ವಲ್ಪ ನೆನಪಲ್ಲಿಟ್ಕೊಳ್ಳಿ.

ಅದ್ರಲ್ಲಿ ದೊಡ್ಡ ಬಾಬ್ತು ಅಂದ್ರೆ ಬಗರ್‌ಹುಕುಂ. ಸರ್ಕಾರಿ ಜಮೀನು ಉಳ್ತಾ ಇರೋರಿಗೆ ಅದನ್ನ ಸಕ್ರಮ ಮಾಡಿಕೊಡೋ ಸಮಿತಿ, ಶಾಸಕರೇ ಅಧ್ಯಕ್ಷರು, ತಹಸೀಲ್ದಾರ್ ಕಾರ್ಯದರ್ಶಿ. ಅದಕ್ಕೆ ಹಾಕೋ ಅರ್ಜಿ 1991ರಲ್ಲಿ ಫಾರಂ 50, ಆಮೇಲೆ 1998-99ರಲ್ಲಿ ಫಾರಂ 53. ಸಮಿತಿ ಮಂಜೂರು ಮಾಡಿದ್ರೆ ಕಿಮ್ಮತ್ತು ಕಟ್ಟಿಸ್ಕೊಂಡು ಸಾಗುವಳಿ ಚೀಟಿ ಕೊಡ್ತಾರೆ. ಆ ಚೀಟಿ ಹಂಚೋ ದಿನ ತಾಲ್ಲೂಕು ಆಫೀಸ್ ಮುಂದೆ ಜಾತ್ರೆ. ಮುದುಕರು ಚೀಟಿ ಕಣ್ಣಿಗೊತ್ಕೊಂಡು ಅಣ್ಣನ ಕಾಲಿಗೆ ಬೀಳೋಕೆ ಬರೋರು. ಒಂದೊಂದು ಚೀಟಿಗೂ ನನ್ನ ಲೆಡ್ಜರಲ್ಲಿ ಒಂದು ಟಿಕ್.

ಸೇತುವೆ

ವಿಧಾನಸೌಧದಲ್ಲಿ ಅಣ್ಣ ಮಾತಾಡಿದ್ದು ಕಮ್ಮಿ. ಶೂನ್ಯ ವೇಳೇಲಿ ಎದ್ದು ಗಲಾಟೆ ಮಾಡೋ ಜಾಯಮಾನ ಅಲ್ಲ, ಶಾಸಕರ ಭವನದ ರೂಮಲ್ಲಿ ಊರೋರ ಕೆಲಸದ ಫೈಲ್ ಹಿಡ್ಕೊಂಡು ಸೆಕ್ರೆಟರಿಗಳಿಗೆ ಫೋನ್ ಮಾಡೋದೇ ಹೆಚ್ಚು. ಆದ್ರೆ ಒಂದು ಕೆಲಸ ಮಾತ್ರ ಹಿಡಿದು ಮಾಡಿದ್ರು. ನಮ್ಮ ಕ್ಷೇತ್ರದ ಅಂಚಲ್ಲಿ ಒಂದು ಹಳ್ಳ, ಆಚೆ ದಡ ಪಕ್ಕದ ಕ್ಷೇತ್ರ. ಮಳೆಗಾಲದಲ್ಲಿ ಹಳ್ಳ ಬಂದ್ರೆ ಹೈಸ್ಕೂಲ್ ಮಕ್ಕಳು ಎರಡು ದಿನ ನೆಂಟರ ಮನೇಲೇ ಉಳೀಬೇಕು. 1995ರಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಹಾಕಿದ್ರು, ಮಂತ್ರಿಗಳು ಎದ್ದು "ಪರಿಶೀಲಿಸಲಾಗುವುದು" ಅಂದ್ರು. ಸಾಮಾನ್ಯವಾಗಿ ಕತೆ ಅಲ್ಲಿಗೆ ಮುಗಿಯುತ್ತೆ.

ಇಲ್ಲಿ ಮುಗೀಲಿಲ್ಲ, ಯಾಕಂದ್ರೆ ಸದನದಲ್ಲಿ ಸರ್ಕಾರ ಕೊಟ್ಟ ಮಾತನ್ನ ಬೆನ್ನು ಹತ್ತೋಕೆ ಅಂತಲೇ ಒಂದು ಭರವಸೆಗಳ ಸಮಿತಿ ಇದೆ, ಯಾರೂ ಕೇಳಿ ಹಾಕಿಸ್ಕೊಳ್ಳೋ ಸಮಿತಿ ಅಲ್ಲ ಅದು, ಪ್ರಚಾರ ಸಿಗಲ್ಲ. ಅಣ್ಣನ್ನ ಸುಮ್ನೆ ಅದಕ್ಕೆ ಹಾಕಿದ್ರು. ಅವರು ತಮ್ಮದೇ ಪ್ರಶ್ನೆಯ ಉತ್ತರನ ಅಲ್ಲಿ ಎತ್ತಿ, ಅಧಿಕಾರಿಗಳನ್ನ ಕರೆಸಿ, ಅಂದಾಜು ಪಟ್ಟಿ ಎಲ್ಲಿ, ಟೆಂಡರ್ ಯಾವಾಗ ಅಂತ ಒಂದೊಂದೇ ಕೇಳ್ತಾ ಹೋದ್ರು, ಸಮಿತಿಯಿಂದ ಹೊರಗೆ ಬಂದ ಮೇಲೂ ಬಿಡಲಿಲ್ಲ. 2002ರಲ್ಲಿ ಸೇತುವೆ ಆಯ್ತು. ಉದ್ಘಾಟನೆ ಆಚೆ ದಡದಲ್ಲಿ, ಹಾಗಾಗಿ ಅಧ್ಯಕ್ಷತೆ ಪಕ್ಕದ ಕ್ಷೇತ್ರದ ಶಾಸಕರದ್ದು, ಕಲ್ಲಲ್ಲಿ ಅಣ್ಣನ ಹೆಸರು ನಾಲ್ಕನೇ ಸಾಲು, "ಘನ ಉಪಸ್ಥಿತಿ". ವಾಪಸ್ ಬರ್ತಾ ಕಾರಲ್ಲಿ ನಾನು ಅದ್ನೇ ಆಡ್ಕೊಂಡೆ, ಅಣ್ಣ "ಮಕ್ಕಳು ದಾಟ್ತಾವಲ್ಲ ಬಿಡಪ್ಪ" ಅಂದು ಕಣ್ ಮುಚ್ಚಿಕೊಂಡ್ರು. ಲೆಡ್ಜರಲ್ಲಿ ಸೇತುವೆಗೆ ಒಂದು ಸಾಲೂ ಇಲ್ಲ. ಅರ್ಜಿದಾರ ಯಾರೂ ಇರ್ಲಿಲ್ಲವಲ್ಲ.

ಗಡಿ ಬದಲಾದಾಗ

1978ರಿಂದ 2004ರ ತನಕ ಕ್ಷೇತ್ರಗಳ ಗಡಿ ಹಾಗೇ ಇತ್ತು, 1971ರ ಜನಗಣತಿ ಮೇಲೆ ಹಾಕಿದ್ದು. 2008ಕ್ಕೆ 2001ರ ಜನಗಣತಿ ಮೇಲೆ ಹೊಸ ಗಡಿ ಬಂತು, ಆ ಹೊಸ ಗಡೀಲಿ ವಿಧಾನಸಭೆ ಚುನಾವಣೆ ನಡೆಸಿದ ಮೊದಲ ರಾಜ್ಯ ನಮ್ದೇ. ಒಟ್ಟು 224 ಹಾಗೇ ಉಳೀತು, ಬೆಂಗಳೂರಿಗೆ ಸೀಟು ಜಾಸ್ತಿ ಆಯ್ತು, ಅಂದ್ರೆ ಹಳ್ಳಿ ಕಡೆ ಕಮ್ಮಿ ಆಗಲೇಬೇಕು. ಸಾತನೂರು, ಬನ್ನೂರು, ಕಿರುಗಾವಲು, ಹುಲಿಯೂರುದುರ್ಗ, ಕಳ್ಳಂಬೆಳ್ಳ, ಭರಮಸಾಗರ ಇವೆಲ್ಲ ಕ್ಷೇತ್ರಗಳಾಗಿ ಉಳೀಲೇ ಇಲ್ಲ. ನಮ್ಮದು ಹೆಸರು ಉಳೀತು, ಮೈ ಬದಲಾಯ್ತು. ನಮಗೆ ಯಾವಾಗ್ಲೂ ಲೀಡ್ ಕೊಡ್ತಿದ್ದ ಎರಡು ಹೋಬಳಿ ಪಕ್ಕಕ್ಕೆ ಹೋದ್ವು, ಪಟ್ಟಣ ಮತ್ತು ಅಣ್ಣನ ಸ್ವಂತ ಹೋಬಳಿ ಉಳಿದ್ವು, ಹೊಸದಾಗಿ ಒಂದೂವರೆ ಹೋಬಳಿ ಬಂತು. ಆ ಹೊಸದು ಯಾವುದು ಅಂತೀರಾ, ಹಳ್ಳದ ಆಚೆ ದಡ.

ದೊಡ್ಡೋರಿಗೂ ಇದೇ ಪರಿಸ್ಥಿತಿ ಬಂದಿತ್ತು. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ ಗೆಲ್ತಿದ್ದ ಗುರುಮಠಕಲ್ ಮೀಸಲಿಂದ ಸಾಮಾನ್ಯ ಕ್ಷೇತ್ರ ಆಯ್ತು, ಅವರು ಚಿತ್ತಾಪುರಕ್ಕೆ ಹೋದ್ರು. ಡಿ.ಕೆ. ಶಿವಕುಮಾರ್ ಸಾತನೂರು ಹೋದ್ಮೇಲೆ ಕನಕಪುರಕ್ಕೆ ಬಂದ್ರು. ಸಿದ್ದರಾಮಯ್ಯನೋರು ಚಾಮುಂಡೇಶ್ವರಿ ಬಿಟ್ಟು ಹೊಸದಾಗಿ ಆದ ವರುಣಾಕ್ಕೆ. ಮೂವರೂ ಗೆದ್ರು. ಅಂದ್ರೆ ಗಡಿ ಬದಲಾದ್ರೆ ಸೋಲ್ತಾರೆ ಅಂತೇನಿಲ್ಲ, ಎಲ್ಲಿಗೆ ಹೋಗ್ಬೇಕು ಅನ್ನೋ ತೀರ್ಮಾನದ ಮೇಲೆ ನಿಂತಿರುತ್ತೆ.

2008ರ ಶುರುವಲ್ಲಿ ಒಂದು ರಾತ್ರಿ ಅಣ್ಣನ ಮನೇಲಿ ಏಳೆಂಟು ಜನ ಕೂತ್ವಿ. ನೆಲದ ಮೇಲೆ ತಾಲ್ಲೂಕು ನಕ್ಷೆ ಹಾಸಿ, ಹೋದ ಹೋಬಳಿ ಮೇಲೆ ತೆಂಗಿನಕಾಯಿ ಚಿಪ್ಪು ಇಟ್ಟಿದ್ವಿ, ಗಾಳಿಗೆ ಹಾರಬಾರದು ಅಂತ. ಒಬ್ರು "ಹೋಬಳಿ ಹಿಂದೇನೇ ಹೋಗೋಣ, ಪಕ್ಕದ ಕ್ಷೇತ್ರದಲ್ಲಿ ನಿಲ್ಲಿ" ಅಂದ್ರು. ಅಲ್ಲಿ ನಮ್ಮ ಪಕ್ಷದೋರೇ ಹಾಲಿ ಶಾಸಕ, ಹೈಕಮಾಂಡ್‌ವರೆಗೆ ಜಗಳ ಆಗ್ಬೇಕು. ಇನ್ನೊಬ್ರು "ಇಲ್ಲೇ ಇರಿ, ಹುಟ್ಟಿದೂರು ಬಿಟ್ಟು ಹೋದ್ರೆ ಹೆದರ್ಕೊಂಡು ಓಡ್ಹೋದ ಅಂತಾರೆ" ಅಂದ್ರು. ಅಣ್ಣ ಬಹಳ ಹೊತ್ತು ಸುಮ್ನಿದ್ದು "ಬೆಳಿಗ್ಗೆ ಜಗಲೀಲಿ ಎಷ್ಟು ಜನ ಬರ್ತಾರೆ ನೋಡ್ತಿದ್ದೀರಲ್ಲ, ಇನ್ನೇನು ಬೇಕು" ಅಂದ್ರು. ಅಲ್ಲಿಗೆ ತೀರ್ಮಾನ ಆಯ್ತು.

ನಿಜವಾದ ತಪ್ಪು ಆಗಿದ್ದು ಇಲ್ಲೇ ಅಂತ ನಂಗೆ ಈಗ ಅನ್ಸುತ್ತೆ, ಉಳಿದಿದ್ದು ತಪ್ಪು ಅಂತಲ್ಲ, ಉಳಿಯೋಕೆ ಕೊಟ್ಟ ಕಾರಣ ತಪ್ಪು. ಸೋತ ಮೇಲೆ ನಾನು ಲೆಡ್ಜರ್ ತೆಗೆದು ಆ ಮೂರು ತಿಂಗಳ ಹೆಸರುಗಳ ಮುಂದೆ ಊರು ನೋಡ್ತಾ ಹೋದೆ, ಬಂದೋರಲ್ಲಿ ಅರ್ಧಕ್ಕೂ ಜಾಸ್ತಿ ಜನ ಪಕ್ಕಕ್ಕೆ ಹೋದ ಎರಡು ಹೋಬಳಿಯೋರು! ಇಪ್ಪತ್ತು ವರ್ಷದ ರೂಢಿ, ಕಷ್ಟ ಬಂದ್ರೆ ಅಣ್ಣನ ಜಗಲಿ. ಗಡಿ ಬದಲಾಗಿದ್ದು ಅವರಿಗೆ ಗೊತ್ತಿಲ್ಲ, ಗೊತ್ತಿದ್ರೂ ಅವರಿಗೇನು. ನಮ್ಮ ಕಣ್ಣಿಗೆ ಜಗಲಿ ತುಂಬಿತ್ತು, ಆದ್ರೆ ತುಂಬಿದ ಜಗಲೀಲಿ ನಮ್ಮ ಓಟಿರ್ಲಿಲ್ಲ. ಊರಿನ ಹೆಸರು ಬರೆಯೋನು ನಾನೇ, ದಿನಾ ಬರೀತಿದ್ದೆ, ಒಂದ್ ದಿನ ಲೆಕ್ಕ ಹಾಕ್ಲಿಲ್ಲ.

ಆಚೆ ದಡದೋರು ಮಾತ್ರ ಬರ್ಲೇ ಇಲ್ಲ. ಅವರಿಗೆ ಅವರದ್ದೇ ಬೇರೆ ಜಗಲಿ ಇತ್ತು. ಮೂರು ಹಂತದ ಚುನಾವಣೆ, ಮೇ ತಿಂಗಳ ಬಿಸಿಲು, ಫಲಿತಾಂಶದ ದಿನ ಹಳೇ ಭಾಗದಲ್ಲಿ ಮುಂದಿದ್ದೋರು ಹೊಸ ಹೋಬಳಿ ಪೆಟ್ಟಿಗೆ, ಕ್ಷಮಿಸಿ, ಮಶೀನು ತೆರೀತಿದ್ದ ಹಾಗೇ ಹಿಂದೆ ಬಿದ್ರು.

ಏನೇನ್ ಮಾಡಿ ನೋಡಿದ್ವಿ

2008ರಿಂದ 2013ರ ತನಕ ಅಧಿಕಾರ ಇಲ್ಲ. ಜಗಲಿ ಖಾಲಿ ಆಗ್ತಾ ಬಂತು, ಅದಕ್ಕೆ ಸೋಲೊಂದೇ ಕಾರಣ ಅಲ್ಲ. ಪತ್ರದ ಬೆಲೇನೇ ಇಳೀತಿತ್ತು. ಇಂಜಿನಿಯರಿಂಗ್ ಸೀಟು ಯಾವತ್ತೋ ಸಿಇಟಿಗೆ ಹೋಗಿತ್ತು, ಪಹಣಿ ಭೂಮಿ ಕೇಂದ್ರದಲ್ಲಿ ದುಡ್ಡು ಕೊಟ್ರೆ ಸಿಗ್ತಿತ್ತು, ಮೇಷ್ಟ್ರ ವರ್ಗಾವಣೆಗೆ ಕೌನ್ಸೆಲಿಂಗ್ ಬಂತು, 2012ರಲ್ಲಿ ಸಕಾಲ ಬಂದು ಜಾತಿ ಸರ್ಟಿಫಿಕೇಟಿಗೂ ಇಷ್ಟು ದಿನ ಅಂತ ಗಡುವು ಆಯ್ತು. ಇವೆಲ್ಲ ಒಳ್ಳೇದೇ, ನಾನು ಇಲ್ಲ ಅನ್ನಲ್ಲ, ಆದ್ರೆ ಪತ್ರ ಬರೆದೇ ಶಾಸಕ ಆಗಿದ್ದೋರಿಗೆ ಕೈಯಲ್ಲಿದ್ದ ಆಯುಧ ಒಂದೊಂದೇ ಜಾರ್ತಿತ್ತು.

ಅಣ್ಣ ಆಚೆ ದಡಕ್ಕೆ ಹೋಗೋಕೆ ಶುರು ಮಾಡಿದ್ರು. ತಿಥಿ, ಮದ್ವೆ, ಗೃಹಪ್ರವೇಶ, ಕರೆದ್ರೂ ಹೋಗೋರು ಕರೀದೇ ಇದ್ರೂ ಹೋಗೋರು. ಒಂದು ತಿಥೀಲಿ ಯಜಮಾನ್ರು ಊಟಕ್ಕೆ ಕೂರಿಸಿ "ತಾವ್ಯಾರು ಗೊತ್ತಾಗ್ಲಿಲ್ಲ" ಅಂತ ಮರ್ಯಾದೆಯಿಂದಲೇ ಕೇಳಿದ್ರು, ನಾಲ್ಕು ಸಲ ಶಾಸಕರಾಗಿದ್ದೋರನ್ನ. ಅಣ್ಣ ಹೆಸರು ಹೇಳಿ, ಮುದ್ದೆಗೆ ಇನ್ನೊಂದಿಷ್ಟು ಸಾರು ಹಾಕಿಸ್ಕೊಂಡ್ರು.

ಆಗ ನನಗೆ ಸೇತುವೆ ನೆನಪಾಯ್ತು. ವಿಧಾನಸಭೆ ನಡಾವಳಿ ಪುಸ್ತಕದಲ್ಲಿ ಆ ಪ್ರಶ್ನೆ, ಆ ಉತ್ತರ ಅಚ್ಚಾಗಿದೆ. ಬೆಂಗಳೂರಿಗೆ ಹೋಗಿ ಆ ಪುಟಗಳನ್ನ ಜೆರಾಕ್ಸ್ ಮಾಡಿಸ್ಕೊಂಡು ಬಂದೆ, 2013ರ ಪ್ರಚಾರದಲ್ಲಿ ಆಚೆ ದಡದ ಊರೂರಿಗೂ ಹಂಚಿದ್ವಿ, ಈ ಸೇತುವೆ ಕೇಳಿದ್ದು ಯಾರು ನೋಡಿ ಅಂತ. ಹುಡುಗ್ರು ಓದಿದ್ರು, ಒಬ್ಬ ಅಂಗಡಿಯೋನು ಗೋಡೆಗೆ ಅಂಟಿಸ್ಕೊಂಡ. ಹಿರಿಯರೊಬ್ರು ಮಾತ್ರ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ "ಸರಿ ಸ್ವಾಮಿ, ಆದ್ರೆ ನೀವ್ ಕೇಳಿದ್ದು ನಿಮ್ ದಡದ ಮಕ್ಕಳಿಗೆ ಅಲ್ವೇ" ಅಂದ್ರು. ಪ್ರಶ್ನೇಲಿ ನಿಜವಾಗ್ಲೂ ಹಂಗೇ ಇತ್ತು, ನಮ್ಮ ದಡದ ಮೂರು ಊರ ಹೆಸರು, ಅವರದ್ದು ಒಂದೂ ಇಲ್ಲ.

2013ರಲ್ಲಿ ಗೆದ್ರು. ನಮ್ಮೋರು ಎಲ್ಲ ಸೇತುವೆ ಗೆಲ್ಲಿಸ್ತು ಅಂದ್ರು, ನಾನೂ ಎದೆ ಉಬ್ಬಿಸ್ಕೊಂಡು ಓಡಾಡ್ದೆ. ಬೂತ್ ಲೆಕ್ಕ ಬಂದ ಮೇಲೆ ನೋಡಿದ್ರೆ ಆಚೆ ದಡದಲ್ಲಿ ನಮ್ಮ ಓಟು ಏರಿದ್ದು ಅಷ್ಟಕ್ಕಷ್ಟೆ. ಅದಕ್ಕೆ ಮುಂಚೆ, 2012ರ ಕೊನೇಲಿ, ಯಡಿಯೂರಪ್ಪನೋರು ಬಿಜೆಪಿ ಬಿಟ್ಟು ಕೆಜೆಪಿ (ಕರ್ನಾಟಕ ಜನತಾ ಪಕ್ಷ) ನಾಯಕರಾಗಿದ್ರು, ಬಿಜೆಪಿ ಓಟು ಎಷ್ಟೋ ಕಡೆ ಎರಡಾಯ್ತು, ನಮ್ಮಲ್ಲೂ ಲೆಕ್ಕ ತಲೆಕೆಳಗಾಯ್ತು, ಆ ಸಂದೀಲಿ ನಾವು ನುಗ್ಗಿದ್ವಿ. ಗೆದ್ದಾಗ ಯಾರೂ ಬೂತ್ ಲೆಕ್ಕ ನೋಡಲ್ಲ, ಅದೇ ತೊಂದ್ರೆ.

ಟಿಕ್ ಹಾಕಿದ ಕೆಲಸ

ಐದನೇ ಅವಧೀಲಿ ಶಾಸಕರ ನಿಧಿ ವರ್ಷಕ್ಕೆ 2 ಕೋಟಿ ಇತ್ತು, ಅದ್ರಲ್ಲಿ ಬಹುಪಾಲು ಆಚೆ ದಡಕ್ಕೇ ಹಾಕಿದ್ರು, ಸಮುದಾಯ ಭವನ, ಕುಡಿಯೋ ನೀರಿನ ಘಟಕ, ಸಿಮೆಂಟ್ ರಸ್ತೆ. ಸ್ವಂತ ಹೋಬಳಿ ಎಲ್ಲಿ ಹೋಗುತ್ತೆ, ಅದು ನಮ್ದೇ ಅನ್ನೋ ಧೈರ್ಯ.

2016ರಲ್ಲಿ ಒಂದು ಬೆಳಿಗ್ಗೆ ಸ್ವಂತ ಹೋಬಳಿಯ ಒಬ್ಬ ಅಜ್ಜಿ, ಜೊತೇಲಿ ಮಗ, ಬಂದು ಕೂತ್ರು. ಅಜ್ಜಿ ಸೆರಗಿನ ಗಂಟಿಂದ ಪ್ಲಾಸ್ಟಿಕ್ ಕವರ್ ತೆಗೆದು ಅದರೊಳಗಿಂದ ನಾಲ್ಕು ಮಡಿಕೆ ಆಗಿದ್ದ ಸಾಗುವಳಿ ಚೀಟಿ ತೆಗೆದ್ರು, ಮಡಿಕೆ ಕಡೆ ಹರಿದು ಟೇಪ್ ಹಚ್ಚಿತ್ತು. 1993ರದ್ದು, ಗಂಡನ ಹೆಸರು, ಕೆಳಗೆ ತಹಸೀಲ್ದಾರ್ ಸಹಿ. ಮಗನಿಗೆ ಬ್ಯಾಂಕ್ ಸಾಲ ಕೊಡ್ತಿಲ್ಲ. ಪಹಣಿ ನೋಡಿದ್ರೆ ಒಂದೇ ಸರ್ವೆ ನಂಬರಲ್ಲಿ ಮೂವತ್ತು ಚಿಲ್ಲರೆ ಜನರ ಹೆಸರು, ಯಾರ್ದು ಎಲ್ಲಿಂದ ಎಲ್ಲಿಗೆ ಅಂತ ನಕ್ಷೆ ಇಲ್ಲ. ಅಂದ್ರೆ ಪೋಡಿ ದುರಸ್ತಿ, ಒಬ್ಬೊಬ್ಬರ ಭಾಗ ಅಳೆದು ಬೇರೆ ಮಾಡೋ ಕೆಲಸ, ಆಗಿಲ್ಲ. ಪಾಲು ಮಾಡೋ ಹಾಗಿಲ್ಲ, ಮಾರೋ ಹಾಗಿಲ್ಲ, ಅಡ ಇಡೋ ಹಾಗಿಲ್ಲ. ಅಜ್ಜಿ ಜಗಳ ಮಾಡ್ಲಿಲ್ಲ, ಚೀಟಿನ ಮಂಡಿ ಮೇಲೆ ನೀವ್ತಾ "ಅಣ್ಣ ಚೀಟಿ ಕೊಡ್ತು, ನೆಲ ಇನ್ನೂ ಕೊಟ್ಟಿಲ್ಲ" ಅಂದ್ರು.

ಅಣ್ಣ ನನ್ ಕಡೆ ನೋಡಿ "ಒಂದ್ ಪತ್ರ ಬರ್ಕೊಡು" ಅಂದ್ರು. ಬರ್ಕೊಟ್ಟೆ. ಕೊನೇ ಕಾಲಂಗೆ ಬಂದಾಗ ಕೈ ತಡೀಲಿಲ್ಲ, ಟಿಕ್ ಹಾಕ್ದೆ. 1993ರ ಲೆಡ್ಜರಲ್ಲೂ ಅದೇ ಹೆಸರಿನ ಮುಂದೆ ನಂದೇ ಟಿಕ್ ಇದೆ. ಕೆಲಸ ಆದ್ಮೇಲೆ ಮಾತ್ರ ಟಿಕ್ ಅನ್ನೋ ರೂಲು ನಾವೇ ಮುರಿದಿದ್ವಿ, ಅದೂ ಮೊದಲ ದಿನದಿಂದ, ಗೊತ್ತೇ ಆಗದ ಹಾಗೆ. ಚೀಟಿ ಕೈಗೆ ಬಂತು ಅಂದ್ರೆ ಜಮೀನು ಆಯ್ತು ಅಂತ ಅವತ್ತು ಎಲ್ರೂ ಅಂದ್ಕೊಂಡಿದ್ರು, ಚೀಟಿ ಇಸ್ಕೊಂಡೋರೂ ಸೇರಿ.

ದುರಸ್ತಿ ಯಾಕೆ ಆಗಲ್ಲ ಅಂತ ಸ್ವಲ್ಪ ಹೇಳ್ಬೇಕು, ಹೊಸಬರಿಗೆ ಇದು ಗೊತ್ತಿರಲ್ಲ. ಸರ್ವೆಯರ್ ಹೋಗಿ ಚೈನ್ ಹಿಡಿಯೋಕೆ ಮುಂಚೆ ತಹಸೀಲ್ದಾರ್ ಆಫೀಸಲ್ಲಿ ನಮೂನೆ 1ರಿಂದ 5 ಆಗ್ಬೇಕು, ಅಂದ್ರೆ ಮಂಜೂರಾತಿ ಅಸಲಿ ಅಂತ ದಾಖಲೆ ಕೂಡಿಸಬೇಕು. ಫೈಲ್ ಸಿಗಲ್ಲ. ಗೆದ್ದಲು ತಿಂದಿದೆ, ಇಲ್ಲ ಆಫೀಸ್ ಬದಲಾಯಿಸುವಾಗ ಹೋಗಿದೆ, ಇಲ್ಲ ಬೇಕಂತಲೇ ಹೋಗಿದೆ. ಫೈಲ್ ಸಿಕ್ರೂ ಇನ್ನೊಂದು ಪೀಕಲಾಟ, ಎಷ್ಟೋ ಸರ್ವೆ ನಂಬರಲ್ಲಿ ಇರೋ ಜಮೀನಿಗಿಂತ ಮಂಜೂರು ಮಾಡಿರೋದೇ ಜಾಸ್ತಿ. ಅಳೆದ್ರೆ ಯಾರಿಗೋ ಕಮ್ಮಿ ಬರಲೇಬೇಕು.

ಅಣ್ಣನಿಗೆ ಇದು ಗೊತ್ತಿರ್ಲಿಲ್ಲ ಅಂತ ನಾನು ಹೇಳಲ್ಲ. 2016ರಲ್ಲಿ ಅವರು ಮನಸ್ಸು ಮಾಡಿದ್ರೆ ಆ ಒಂದು ಸರ್ವೆ ನಂಬರಿಗೆ ತಹಸೀಲ್ದಾರ್ ಮತ್ತು ಎಡಿಎಲ್‌ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕರು) ಇಬ್ಬರನ್ನೂ ಕೂರಿಸಿ ಜಂಟಿ ಅಳತೆ ಮಾಡಿಸಬಹುದಿತ್ತು. ಅಧಿಕಾರಿಗಳ ಕೆಲಸ ಪರಿಶೀಲಿಸೋ ಕೆಡಿಪಿ ಮೀಟಿಂಗಲ್ಲಿ ಒಂದು ಮಾತು ಸಾಕಿತ್ತು. ಆದ್ರೆ ಅಲ್ಲಿ ಚೀಟೀಲಿ ಎರಡು ಎಕರೆ ಇದ್ದು ಉಳ್ತಾ ಇರೋದು ಐದು ಎಕರೆ ಅನ್ನೋರು ಇದ್ರು, ಅವರೇ ನಮ್ಮ ಬೂತ್ ನೋಡ್ಕೊಳ್ಳೋರು. ಅಳತೆ ಅಂದ್ರೆ ಅವರು ಎದ್ದು ಹೋಗ್ತಾರೆ. ಸೇತುವೆಗೆ ಏಳು ವರ್ಷ ಬೆನ್ನು ಹತ್ತಿದ ಮನುಷ್ಯ ಇಲ್ಲಿ ಪತ್ರ ಕೊಟ್ಟು ಸುಮ್ನಾದ್ರು. ಸೇತುವೇಲಿ ಯಾರೂ ಕಳ್ಕೊಳ್ಳೋರು ಇರ್ಲಿಲ್ಲ, ಇಲ್ಲಿ ಇದ್ರು, ವ್ಯತ್ಯಾಸ ಅಷ್ಟೇ.

2018ರಲ್ಲಿ ಸೋತ್ರು, ಮೂರನೇ ಸ್ಥಾನ. ಮಗನಿಗೆ ಟಿಕೆಟ್ ಕೇಳಿ, ಸಿಗದೆ, ಕೊನೇ ಗಳಿಗೇಲಿ ತಾವೇ ನಿಂತಿದ್ದೂ ಒಂದು ಕಾರಣ, ಜೊತೇಲಿದ್ದ ಜಿಲ್ಲಾ ಪಂಚಾಯ್ತಿ ಮೆಂಬರ್ ಮುನಿಸ್ಕೊಂಡು ಹೋಗಿದ್ದೂ ಕಾರಣ, ಎಪ್ಪತ್ತು ದಾಟಿದ ವಯಸ್ಸೂ ಕಾರಣ, ಅವೆಲ್ಲ ಎಲ್ಲಾ ಕಡೆ ಇರೋದೇ. ನನಗೆ ನಿದ್ದೆ ಕೆಡಿಸಿದ್ದು ಬೇರೆ. ಬೂತ್ ಲೆಕ್ಕ ಒಂದು ಕೈಲಿ, ಹಳೇ ಲೆಡ್ಜರ್ ಒಂದು ಕೈಲಿ ಹಿಡ್ಕೊಂಡು ಕೂತೆ. ಫಾರಂ 50, 53ರ ಟಿಕ್ ಸಾಲಾಗಿ ಇರೋ ಊರುಗಳು, ಜನ ಕಾಲಿಗೆ ಬೀಳೋಕೆ ಬಂದ ಊರುಗಳು, ಅಲ್ಲೇ ನಾವು ಹೆಚ್ಚು ಕಳ್ಕೊಂಡಿದ್ವಿ. ಚೀಟಿ ಇಸ್ಕೊಂಡ ಅಪ್ಪಂದಿರು ತೀರ್ಕೊಂಡಿದ್ರು. ಅವರ ಮಕ್ಕಳು ಆ ಚೀಟಿ ಹಿಡ್ಕೊಂಡು ಆಫೀಸ್ ಆಫೀಸ್ ಅಲೀತಿದ್ರು.

ಇದನ್ನ ಅಣ್ಣನಿಗೆ ಹೇಳೋಕೆ ನನಗೆ ನಾಲ್ಕು ತಿಂಗಳು ಬೇಕಾಯ್ತು. ಹೇಳ್ದಾಗ ಬೈತಾರೆ ಅಂದ್ಕೊಂಡಿದ್ದೆ. ಬಹಳ ಹೊತ್ತು ಎಲೆ ಅಡಿಕೆ ಮೆಲ್ಲಿ, "ಆ ತೊಂಬತ್ಮೂರರ ಪುಸ್ತಕ ಇದ್ಯಾ" ಅಂದ್ರು. ಇತ್ತು, ಅಟ್ಟದಲ್ಲಿ, ಇಲಿ ಒಂದು ಮೂಲೆ ತಿಂದಿತ್ತು.

ಅದ್ರಿಂದ ಒಂದು ಹೊಸ ಪಟ್ಟಿ ಮಾಡಿದ್ವಿ, ಟಿಕ್ ಇದ್ದೂ ನಕ್ಷೆ ಇಲ್ಲದವರದ್ದು. ಮೊದಲ ಹೆಸರು ಅಜ್ಜಿ ಗಂಡನದ್ದು. ಮಾಜಿ ಶಾಸಕರಿಗೆ ಆಫೀಸಲ್ಲಿ ಕುರ್ಚಿ ಹಾಕ್ತಾರೆ, ಅಷ್ಟೇ, ಹೆದರಿಕೆ ಇರಲ್ಲ. ಬೂತ್ ನೋಡ್ಕೊಳ್ತಿದ್ದ ಇಬ್ರು ಮಾತು ಬಿಟ್ರು, ಒಬ್ರು ಮನೆ ಮುಂದೆ ಬಂದು ಕೂಗಾಡಿ ಹೋದ್ರು, ಅಣ್ಣ ಒಳಗಿಂದ ಕೇಳಿಸ್ಕೊಂಡ್ರು. ಈಚೆಗೆ ಸರ್ಕಾರವೇ ದುರಸ್ತಿನ ಅಭಿಯಾನ ಅಂತ ತಗೊಂಡು ನಮೂನೆ 1ರಿಂದ 5ನ್ನ ಕಂಪ್ಯೂಟರಲ್ಲಿ ಮಾಡ್ತಿದೆ, ಅದ್ರಿಂದ ಒಂಚೂರು ಚುರುಕಾಗಿದೆ. ಅಜ್ಜಿ ನಂಬರಿನ ಅಳತೆ ಆಗೋ ಹೊತ್ತಿಗೆ ಅಜ್ಜಿ ಇರ್ಲಿಲ್ಲ, ಮಗ ಕಲ್ಲು ನೆಡೋವಾಗ ಫೋನ್ ಮಾಡಿದ್ದ. ಎರಡು ಎಕರೆ ಚೀಟಿಗೆ ನೆಲದ ಮೇಲೆ ಬಂದಿದ್ದು ಒಂದು ಎಕರೆ ಮೂವತ್ತು ಗುಂಟೆ.

ಹೊಸ ಪಟ್ಟೀಲಿ ಇಲ್ಲಿವರೆಗೆ ಹನ್ನೊಂದು ಆಗಿದೆ. ಅಣ್ಣನಿಗೆ ಈಗ ಮಂಡಿ ನೋವು, ಎಡಿಎಲ್‌ಆರ್ ಆಫೀಸ್ ಮೊದಲನೇ ಮಹಡೀಲಿದೆ, ಮೆಟ್ಟಿಲು ಹತ್ತೋಕೆ ಕಾಲು ಗಂಟೆ. ನಾಳೆ ಮಂಗಳವಾರ, ಹನ್ನೆರಡನೇ ಫೈಲಿಗೆ ಬರೋಕೆ ಹೇಳಿದ್ದಾರೆ, ಬೇಗ ಬಾ ಅಂತ ಈಗಷ್ಟೇ ಅಣ್ಣ ಫೋನ್ ಮಾಡಿದ್ರು.